ಬಾಟಲಿಯ ಬೆಲೆ, ತಿರುಪಿನ ಲೆಕ್ಕ

1848ರ ಜನವರಿ 28. ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಹತ್ತಿರ ವಿನ್‌ಲೇಟನ್ ಎಂಬ ಹಳ್ಳಿ. ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿಯ ಕಾಲುಬೆರಳಿನ ಉಗುರು ಮಾಂಸದೊಳಗೆ ಬೆಳೆದುಕೊಂಡಿತ್ತು. ಅದನ್ನು ಕಿತ್ತು ತೆಗೆಯಬೇಕಿತ್ತು. ವೈದ್ಯರು ಬಟ್ಟೆಯ ಮೇಲೆ ಒಂದು ಚಮಚದಷ್ಟು ಕ್ಲೋರೋಫಾರ್ಮ್ ಸುರಿದು ಅವಳ ಮೂಗಿನ ಬಳಿ ಹಿಡಿದರು. ಕೆಲವೇ ನಿಮಿಷಗಳಲ್ಲಿ ಹುಡುಗಿ ತೀರಿಕೊಂಡಳು. ಕ್ಲೋರೋಫಾರ್ಮ್ ಅರಿವಳಿಕೆಯಿಂದ ಆದ ಸಾವು ಎಂದು ವೈದ್ಯಕೀಯ ಚರಿತ್ರೆಯಲ್ಲಿ ಮೊದಲು ದಾಖಲಾದ ಪ್ರಕರಣ ಇದೇ.

ಇದೇ ಹುಡುಗಿಗೆ ಕೆಲವು ತಿಂಗಳ ಹಿಂದೆಯಷ್ಟೇ ಇನ್ನೊಂದು ಬೆರಳಿನ ಉಗುರು ತೆಗೆದಿದ್ದರು. ಆಗ ಕೊಟ್ಟದ್ದು ಈಥರ್. ಏನೂ ತೊಂದರೆಯಾಗಿರಲಿಲ್ಲ. ಅಂದರೆ ಮಗು ಒಂದೇ, ಕಾಯಿಲೆ ಒಂದೇ, ಉಸಿರಲ್ಲಿ ಕೊಟ್ಟ ಔಷಧ ಮಾತ್ರ ಬೇರೆ. ಈಥರಿಗೆ ಘಾಟು ಹೆಚ್ಚು, ನಿದ್ದೆ ಬರಲು ಹೊತ್ತು ಹೆಚ್ಚು. ಕ್ಲೋರೋಫಾರ್ಮ್ ಸಿಹಿವಾಸನೆಯದು, ನಾಲ್ಕು ಹನಿ ಸಾಕು, ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಎಡಿನ್‌ಬರೋದ ವೈದ್ಯ ಜೇಮ್ಸ್ ಸಿಂಪ್ಸನ್ ಅದನ್ನು ಬಳಕೆಗೆ ತಂದು ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ. ಹ್ಯಾನಾಳ ಸಾವಿಗೆ ನಿಖರ ಕಾರಣ ಏನೆಂಬುದರ ಬಗ್ಗೆ ವೈದ್ಯರಲ್ಲಿ ಇಂದಿಗೂ ಚರ್ಚೆಯಿದೆ. ಲಂಡನ್ನಿನ ವೈದ್ಯ ಜಾನ್ ಸ್ನೋ ಅಂದೇ ಹೇಳಿದ ಮಾತು ಮಾತ್ರ ಉಳಿದುಕೊಂಡಿದೆ. ಬಟ್ಟೆಯ ಮೇಲೆ ಸುರಿದರೆ ಮಗು ಎಷ್ಟು ಆವಿ ಎಳೆದುಕೊಂಡಿತು ಎಂದು ಅಳೆಯಲಾಗದು. ಅಳೆಯದೆ ಕೊಟ್ಟ ಆವಿ ಅಪಾಯಕಾರಿ ಎಂಬುದು ಅವನ ವಾದ.

ಮಗುವಿಗೆ ಯಾವ ಆವಿ ಒಳ್ಳೆಯದು, ಅದಕ್ಕೆ ಎಷ್ಟು ಖರ್ಚು? ಈ ಎರಡು ಪ್ರಶ್ನೆಗಳನ್ನು ಇವತ್ತು ಒಟ್ಟಿಗೇ ಎತ್ತಿಕೊಳ್ಳುತ್ತಿದ್ದೇನೆ. ಆಸ್ಪತ್ರೆಗಳಲ್ಲಿ ಇವೆರಡನ್ನು ಬೇರೆ ಬೇರೆ ಮೇಜಿನ ಮೇಲೆ ಇಟ್ಟು ನೋಡುವ ಅಭ್ಯಾಸವಿದೆ. ಸುರಕ್ಷತೆ ಡಾಕ್ಟರರ ಮೇಜಿಗೆ, ಖರ್ಚು ಉಗ್ರಾಣದ ಮೇಜಿಗೆ. ಆಪರೇಷನ್ ಥಿಯೇಟರಿನೊಳಗೆ ಎರಡನ್ನೂ ನಿರ್ಧರಿಸುವುದು ಒಂದೇ ಕೈ, ಅರಿವಳಿಕೆ ಯಂತ್ರದ ತಿರುಪಿನ ಮೇಲಿರುವ ಕೈ.

ಮೊದಲು ಆ ಯಂತ್ರವನ್ನು ಒಂದಿಷ್ಟು ಹತ್ತಿರದಿಂದ ನೋಡೋಣ. ಎದೆಯೆತ್ತರದ ಒಂದು ಗಾಡಿ. ಹಿಂದೆ ಸಿಲಿಂಡರುಗಳು: ಕಪ್ಪು ಮೈ, ಬಿಳಿ ಭುಜದ್ದು ಆಮ್ಲಜನಕ, ನೀಲಿಯದು ನೈಟ್ರಸ್ ಆಕ್ಸೈಡ್. ಮುಂದೆ ಗಾಜಿನ ಕೊಳವೆಗಳಲ್ಲಿ ಸಣ್ಣ ತೇಲುಗುಂಡು ಮೇಲೆ ಕೆಳಗೆ ಆಡುತ್ತ ನಿಮಿಷಕ್ಕೆ ಎಷ್ಟು ಲೀಟರ್ ಅನಿಲ ಹರಿಯುತ್ತಿದೆ ಎಂದು ತೋರಿಸುತ್ತದೆ. ಅದು ಫ್ಲೋಮೀಟರ್. ಅದರ ಪಕ್ಕದಲ್ಲಿ ತಲೆಯ ಮೇಲೆ ಗುಂಡನೆಯ ಮುಚ್ಚಳವಿರುವ ಭಾರದ ಡಬ್ಬಿಗಳು, ಅವೇ ವೇಪರೈಸರುಗಳು. ದ್ರವರೂಪದ ಔಷಧವನ್ನು ಅದರಲ್ಲಿ ತುಂಬುತ್ತಾರೆ. ಹಾದುಹೋಗುವ ಅನಿಲಕ್ಕೆ ಎಷ್ಟು ಶೇಕಡ ಆವಿ ಬೆರೆಯಬೇಕೆಂದು ಮುಚ್ಚಳ ತಿರುಗಿಸಿ ಗೊತ್ತುಮಾಡುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಹೋಗದಿರಲೆಂದು ಇಡೀ ಜಗತ್ತಿನಲ್ಲಿ ಬಣ್ಣ ಗೊತ್ತುಮಾಡಿದ್ದಾರೆ. ಹ್ಯಾಲೋಥೇನ್‌ಗೆ ಕೆಂಪು, ಐಸೊಫ್ಲುರೇನ್‌ಗೆ ನೇರಳೆ, ಸೆವೊಫ್ಲುರೇನ್‌ಗೆ ಹಳದಿ, ಡೆಸ್‌ಫ್ಲುರೇನ್‌ಗೆ ನೀಲಿ. ಇವತ್ತಿನ ನಮ್ಮ ಮಾತೆಲ್ಲ ಈ ನಾಲ್ಕು ಬಣ್ಣಗಳ ಸುತ್ತ.

ದೊಡ್ಡವರಿಗಾದರೆ ಕೈಗೆ ಸೂಜಿ ಚುಚ್ಚಿ, ಔಷಧ ಬಿಟ್ಟು ಮಲಗಿಸುತ್ತೇವೆ. ಮೂರು ವರ್ಷದ ಮಗು ಸೂಜಿ ಕಂಡರೆ ವಾರ್ಡು ಹಾರಿಹೋಗುವಂತೆ ಕಿರುಚುತ್ತದೆ. ಗುಂಡುಗುಂಡಗಿನ ಕೈಯಲ್ಲಿ ರಕ್ತನಾಳವೂ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಮುಖಕ್ಕೆ ಮಾಸ್ಕ್ ಹಿಡಿದು, ಬಲೂನು ಊದು ಎಂದು ಪುಸಲಾಯಿಸಿ, ಆವಿಯಿಂದಲೇ ನಿದ್ದೆಗೆ ಜಾರಿಸಿ, ಆಮೇಲೆ ನಿಧಾನವಾಗಿ ಸೂಜಿ ಹಾಕುವುದು ಮಕ್ಕಳ ಅರಿವಳಿಕೆಯ ಹಳೆಯ ದಾರಿ. ಈ ದಾರಿಗೆ ಬೇಕಾದ ಔಷಧಕ್ಕೆ ಎರಡು ಗುಣ ಇರಲೇಬೇಕು. ಘಾಟು ಇರಬಾರದು, ಬೇಗ ಕೆಲಸ ಮಾಡಬೇಕು.

ಬೇಗ ಎಂದರೇನು? ಇಲ್ಲೊಂದು ತಿರುವುಮುರುವು ಇದೆ. ರಕ್ತದಲ್ಲಿ ಸುಲಭವಾಗಿ ಕರಗುವ ಆವಿಯೇ ಬೇಗ ನಿದ್ದೆ ತರಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ನಡೆಯುವುದು ಅದರ ವಿರುದ್ಧ. ಸ್ನಾನದ ಹಂಡೆ ತುಂಬಲು ಹೊತ್ತು ಬೇಕು, ಚೆಂಬು ತಟ್ಟನೆ ತುಂಬುತ್ತದೆ. ಹಾಗೆಯೇ ರಕ್ತದಲ್ಲಿ ಹೆಚ್ಚು ಕರಗುವ ಆವಿಗೆ ರಕ್ತವೇ ದೊಡ್ಡ ಹಂಡೆಯಾಗುತ್ತದೆ. ಅದು ತುಂಬಿ ಮಿದುಳಿಗೆ ಒತ್ತಡ ತಲುಪಲು ತಡ. ಕಡಿಮೆ ಕರಗುವ ಆವಿ ಬೇಗ ತುಂಬುತ್ತದೆ, ಬೇಗ ಖಾಲಿಯೂ ಆಗುತ್ತದೆ. ಈ ಕರಗುವಿಕೆಯ ಅಂಕಿ ಈಥರಿಗೆ 12, ಹ್ಯಾಲೋಥೇನ್‌ಗೆ 2.4, ಐಸೊಫ್ಲುರೇನ್‌ಗೆ 1.4, ಸೆವೊಫ್ಲುರೇನ್‌ಗೆ 0.65, ಡೆಸ್‌ಫ್ಲುರೇನ್‌ಗೆ 0.42. ಅಂಕಿ ಇಳಿದಷ್ಟೂ ನಿದ್ದೆ ಬೇಗ, ಎಚ್ಚರವೂ ಬೇಗ.

ಚರಿತ್ರೆಯಲ್ಲಿ ನಮ್ಮ ನೆರೆಯ ಒಂದು ಪುಟವನ್ನು ಇಲ್ಲಿ ತೆರೆಯಲೇಬೇಕು. ಇಂದಿನ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೆಲ್ಲ ಅಂದು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಆ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ, ಎಡ್ವರ್ಡ್ ಲಾರಿ ಎಂಬ ಸರ್ಜನ್ನನ ಮುಂದಾಳ್ತನದಲ್ಲಿ, ನಿಜಾಮರ ಹಣದಿಂದ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೂತವು. ಎರಡನೆಯದಕ್ಕೆ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಲಾಡರ್ ಬ್ರಂಟನ್ ಎಂಬ ಔಷಧವಿಜ್ಞಾನಿಯನ್ನೇ ಕಳಿಸಿಕೊಟ್ಟಿತು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗವಾಯಿತು. ಕ್ಲೋರೋಫಾರ್ಮ್ ಮೊದಲು ನಿಲ್ಲಿಸುವುದು ಉಸಿರನ್ನು, ಹೃದಯವನ್ನಲ್ಲ. ಉಸಿರು ನೋಡಿಕೊಂಡರೆ ಭಯವಿಲ್ಲ ಎಂದು ತೀರ್ಮಾನ ಬಂತು. ಅರ್ಧ ಸರಿ, ಅರ್ಧ ತಪ್ಪು. ಉಸಿರಿನ ಮೇಲೆ ಕಣ್ಣಿಡಿ ಎಂದದ್ದು ಇವತ್ತಿಗೂ ಒಳ್ಳೆಯ ಬುದ್ಧಿವಾದ. ಆದರೆ ಹೃದಯ ಹಠಾತ್ತನೆ ನಿಲ್ಲಬಲ್ಲದು ಎಂದು ಸಂಶೋಧಕ ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿಕೊಟ್ಟ. ಮತ್ತಿನ ಆಳ ಕಡಿಮೆಯಿದ್ದು, ಹೆದರಿಕೆಯಿಂದ ಮೈಯಲ್ಲಿ ಅಡ್ರಿನಲಿನ್ ಏರಿದ್ದರೆ ಅಪಾಯ ಇನ್ನೂ ಹೆಚ್ಚು ಎಂದೂ ಅವನ ಪ್ರಯೋಗಗಳು ಹೇಳಿದವು. ಹೆದರಿ ಒದ್ದಾಡುವ ಮಗುವಿಗೆ ಬಲವಂತವಾಗಿ ಮಾಸ್ಕ್ ಒತ್ತಿದರೆ ಏನಾಗಬಹುದು ಎಂಬುದಕ್ಕೆ ಉತ್ತರ ಅದರಲ್ಲೇ ಇತ್ತು.

ಕ್ಲೋರೋಫಾರ್ಮ್ ಹೋಯಿತು, ಈಥರ್ ಬಹುಕಾಲ ಉಳಿಯಿತು. ಅಗ್ಗ, ಉಸಿರನ್ನಾಗಲಿ ಹೃದಯವನ್ನಾಗಲಿ ಸುಲಭಕ್ಕೆ ಕೆಡಿಸದು, ತಂತಿಯ ಮಾಸ್ಕಿಗೆ ಗಾಜ್ ಬಟ್ಟೆ ಹೊದಿಸಿ ಹನಿಹನಿಯಾಗಿ ಬಿಟ್ಟರೂ ನಡೆಯುತ್ತಿತ್ತು. ಆದರೆ ಬಾಯಿತುಂಬ ಜೊಲ್ಲು, ಎಚ್ಚರವಾದ ಮೇಲೆ ವಾಂತಿ. ಎಲ್ಲಕ್ಕಿಂತ ಹೆಚ್ಚಾಗಿ, ಈಥರ್ ಬೆಂಕಿಗೆ ತಕ್ಷಣ ಹೊತ್ತಿಕೊಳ್ಳುತ್ತದೆ. ರಕ್ತನಾಳ ಸುಟ್ಟು ಮುಚ್ಚುವ ವಿದ್ಯುತ್ ಉಪಕರಣ ಥಿಯೇಟರಿಗೆ ಬಂದ ಮೇಲೆ ಅದಕ್ಕೆ ಅಲ್ಲಿ ಜಾಗ ಉಳಿಯಲಿಲ್ಲ.

ಹೊತ್ತಿಕೊಳ್ಳದ ಆವಿಯನ್ನು ಹುಡುಕುತ್ತ ಹೋದವರು ಫ್ರಿಜ್ಜಿನ ಅನಿಲಗಳ ರಸಾಯನಶಾಸ್ತ್ರದ ಕಡೆ ಹೊರಳಿದರು. ಫ್ಲೋರಿನ್ ಸೇರಿಸಿದರೆ ಅಣು ಸ್ಥಿರವಾಗುತ್ತದೆ, ಬೆಂಕಿ ಹತ್ತುವುದಿಲ್ಲ. ಬ್ರಿಟನ್ನಿನ ಐಸಿಐ ಕಂಪನಿಯ ಚಾರ್ಲ್ಸ್ ಸಕ್ಲಿಂಗ್ 1951ರಲ್ಲಿ ಹ್ಯಾಲೋಥೇನ್ ತಯಾರಿಸಿದರು. 1956ರಲ್ಲಿ ಮ್ಯಾಂಚೆಸ್ಟರಿನ ಮೈಕೆಲ್ ಜಾನ್‌ಸ್ಟನ್ ಅದನ್ನು ರೋಗಿಗಳಿಗೆ ಕೊಟ್ಟರು. ಘಾಟಿಲ್ಲ, ಸಿಹಿವಾಸನೆ, ಬೆಂಕಿಯ ಭಯವಿಲ್ಲ. ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಮಕ್ಕಳ ಅರಿವಳಿಕೆ ಎಂದರೆ ಹ್ಯಾಲೋಥೇನ್ ಎನ್ನುವಂತಾಯಿತು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಆ ಕೆಂಪು ವೇಪರೈಸರಿನ ಬಾಯಿಯ ಸುತ್ತ ಕಂದು ಬಣ್ಣದ ಅಂಟು ಕಟ್ಟಿರುವುದನ್ನು ಹಳೆಯ ಸಿಬ್ಬಂದಿ ಬಲ್ಲರು. ಔಷಧ ಕೆಡದಿರಲೆಂದು ಅದಕ್ಕೆ ಥೈಮಾಲ್ ಬೆರೆಸಿರುತ್ತಾರೆ. ಹ್ಯಾಲೋಥೇನ್ ಆವಿಯಾಗಿ ಹೋಗುತ್ತದೆ, ಥೈಮಾಲ್ ತಳದಲ್ಲಿ ಕೂರುತ್ತದೆ. ಆಗಾಗ ಖಾಲಿಮಾಡಿ ತೊಳೆಯದಿದ್ದರೆ ತಿರುಪು ಹಿಡಿದುಕೊಳ್ಳುತ್ತದೆ.

ಹ್ಯಾಲೋಥೇನ್‌ನ ದೋಷ ಎರಡು. ಒಂದು ಯಕೃತ್ತಿಗೆ ಸಂಬಂಧಿಸಿದ್ದು. ಒಳಗೆ ಹೋದ ಔಷಧದಲ್ಲಿ ಸುಮಾರು ಶೇಕಡ 20 ಭಾಗ ಯಕೃತ್ತಿನಲ್ಲಿ ಒಡೆಯುತ್ತದೆ. ಅದರ ತುಣುಕುಗಳು ಅಪರೂಪಕ್ಕೆ ಮಾರಕ ಕಾಮಾಲೆ ತರುತ್ತವೆ. ಮಕ್ಕಳಲ್ಲಿ ಇದು ಬಹಳ ವಿರಳ, ಸುಮಾರು 80 ಸಾವಿರದಿಂದ 2 ಲಕ್ಷ ಮಕ್ಕಳಲ್ಲಿ ಒಬ್ಬರಿಗೆ. ಸೆವೊಫ್ಲುರೇನ್ ಒಡೆಯುವುದು ಶೇಕಡ 3ರಿಂದ 5, ಐಸೊಫ್ಲುರೇನ್ 0.2, ಡೆಸ್‌ಫ್ಲುರೇನ್ 0.02 ಮಾತ್ರ. ಎರಡನೆಯ ದೋಷ ಹೃದಯದ್ದು, ಮಕ್ಕಳ ವಿಷಯದಲ್ಲಿ ಇದೇ ಮುಖ್ಯ. ಹ್ಯಾಲೋಥೇನ್ ಹೃದಯದ ಬಡಿತವನ್ನು ಇಳಿಸುತ್ತದೆ, ಮಿಡಿಯುವ ಬಲವನ್ನೂ ತಗ್ಗಿಸುತ್ತದೆ. ಒಂದು ವರ್ಷದೊಳಗಿನ ಕೂಸಿನ ಹೃದಯಕ್ಕೆ ಬಡಿತವೇ ಬಂಡವಾಳ. ಬಡಿತ ಇಳಿದರೆ ರಕ್ತದೊತ್ತಡ ಹಿಂದೆಯೇ ಕುಸಿಯುತ್ತದೆ. ಸಾಲದ್ದಕ್ಕೆ ಅಡ್ರಿನಲಿನ್ ಜೊತೆ ಸೇರಿದರೆ ಹೃದಯದ ತಾಳ ತಪ್ಪಿಸುತ್ತದೆ. ರಕ್ತ ಕಡಿಮೆ ಸುರಿಯಲೆಂದು ತುಟಿಗೋ ವಸಡಿಗೋ ಅಡ್ರಿನಲಿನ್ ಚುಚ್ಚುವ ಶಸ್ತ್ರವೈದ್ಯರಿಗೆ ಇದು ಗೊತ್ತಿರಲೇಬೇಕು.

ಇದು ಬರಿ ಊಹೆಯಲ್ಲ, ಲೆಕ್ಕಕ್ಕೆ ಸಿಕ್ಕಿದ ವಿಚಾರ. ಅಮೆರಿಕ ಮತ್ತು ಕೆನಡಾದ ಹಲವು ಆಸ್ಪತ್ರೆಗಳು ಸೇರಿ 1994ರಲ್ಲಿ ಒಂದು ದಾಖಲೆ ಪುಸ್ತಕ ತೆರೆದವು. ಆಪರೇಷನ್ ಹೊತ್ತಿನಲ್ಲಿ ಮಕ್ಕಳ ಹೃದಯ ನಿಂತ ಪ್ರಕರಣಗಳನ್ನು, ಆಸ್ಪತ್ರೆಯ ಹೆಸರಿಲ್ಲದೆ, ಅಲ್ಲಿಗೆ ಬರೆದು ಕಳಿಸಬೇಕಿತ್ತು. ಮೊದಲ ನಾಲ್ಕು ವರ್ಷಗಳಲ್ಲಿ ಅರಿವಳಿಕೆಯೇ ಕಾರಣವಾದ 150 ಪ್ರಕರಣ ಸಿಕ್ಕವು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದು ವರ್ಷದೊಳಗಿನವರು. ಆ ಪ್ರಕರಣಗಳಲ್ಲಿ ಶೇಕಡ 37ರಷ್ಟಕ್ಕೆ ಔಷಧವೇ ಕಾರಣ. ಆ ಔಷಧಗಳ ಪೈಕಿ ಹ್ಯಾಲೋಥೇನ್‌ದೇ ಮೇಲುಗೈ. 1998ರಿಂದ 2004ರ ನಡುವೆ ಮತ್ತೆ ಲೆಕ್ಕ ಹಾಕಿದಾಗ ಔಷಧದ ಪಾಲು ಶೇಕಡ 18ಕ್ಕೆ ಇಳಿದಿತ್ತು. ಆ ವೇಳೆಗೆ ಅಲ್ಲಿನ ಥಿಯೇಟರುಗಳಲ್ಲಿ ಕೆಂಪು ವೇಪರೈಸರ್ ಹೋಗಿ ಹಳದಿ ಬಂದಿತ್ತು.

ಹಳದಿ ಎಂದರೆ ಸೆವೊಫ್ಲುರೇನ್. 1990ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದು, 1995ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಘಾಟಿಲ್ಲ, ಹ್ಯಾಲೋಥೇನ್‌ಗಿಂತ ಬೇಗ, ಕೂಸಿನ ಹೃದಯದ ಬಡಿತವನ್ನು ಅಷ್ಟಾಗಿ ಇಳಿಸದು. ಇನ್ನೊಂದು ಸೂಕ್ಷ್ಮ ವೇಪರೈಸರಿನ ತಿರುಪಿನಲ್ಲೇ ಇದೆ. ಮಗುವನ್ನು ಮಲಗಿಸಿಡಲು ಹ್ಯಾಲೋಥೇನ್ ಶೇಕಡ 1ಕ್ಕಿಂತ ತುಸು ಕಡಿಮೆ ಸಾಕು; ಆದರೆ ಕೆಂಪು ತಿರುಪು ಶೇಕಡ 5ರವರೆಗೂ ತಿರುಗುತ್ತದೆ. ಅಂದರೆ ಬೇಕಾದದ್ದರ ಐದು ಪಟ್ಟಿಗೂ ಹೆಚ್ಚು ಕೊಟ್ಟುಬಿಡಲು ಯಂತ್ರದಲ್ಲೇ ಅವಕಾಶ. ಸೆವೊಫ್ಲುರೇನ್‌ನ ಅಳತೆ ಮಕ್ಕಳಿಗೆ ಶೇಕಡ 2.5ರ ಸುತ್ತ, ಹಳದಿ ತಿರುಪು ನಿಲ್ಲುವುದು 8ಕ್ಕೆ, ಅಂದರೆ ಮೂರು ಪಟ್ಟಿನ ಹತ್ತಿರ. ಅವಸರದಲ್ಲಿ ತಿರುಪನ್ನು ಕೊನೆಯವರೆಗೆ ತಿರುಗಿಸಿ ಮರೆತ ಕೈಗೆ ಹಳದಿ ಡಬ್ಬಿ ಕೊಡುವ ವಿನಾಯಿತಿಯನ್ನು ಕೆಂಪು ಡಬ್ಬಿ ಕೊಡುವುದಿಲ್ಲ.

ಸೆವೊಫ್ಲುರೇನ್ ಕುಂದಿಲ್ಲದ್ದೇನಲ್ಲ. ಎರಡರಿಂದ ಐದು ವರ್ಷದ ಮಕ್ಕಳು ಅದರಿಂದ ಏಳುವಾಗ ಕೆಲವೊಮ್ಮೆ ಹುಚ್ಚೆದ್ದಂತೆ ಅಳುತ್ತಾರೆ, ಕೈಕಾಲು ಬಡಿಯುತ್ತಾರೆ, ಹೆತ್ತ ತಾಯಿಯನ್ನೇ ಗುರುತಿಸುವುದಿಲ್ಲ. ನೋಡುವವರಿಗೆ ಎದೆ ಒಡೆಯುವಂತಾಗುತ್ತದೆ. ಮಗುವಿನ ತಲೆಗೆ ಏನೋ ಆಗಿಬಿಟ್ಟಿದೆ ಎಂದು ಗಾಬರಿಯಾಗಬೇಡಿ. ಹತ್ತು ಹದಿನೈದು ನಿಮಿಷಗಳಲ್ಲಿ ತಾನಾಗಿ ಇಳಿದುಹೋಗುತ್ತದೆ; ಮಗು ಬಿದ್ದು ಪೆಟ್ಟುಮಾಡಿಕೊಳ್ಳದಂತೆ, ಡ್ರಿಪ್ ಕಿತ್ತುಕೊಳ್ಳದಂತೆ ಹಿಡಿದುಕೊಂಡಿದ್ದರೆ ಸಾಕು. ನೋವಿಗೆ ಸರಿಯಾಗಿ ಮದ್ದು ಕೊಟ್ಟಿದ್ದರೆ, ಕೊನೆಯಲ್ಲಿ ಪ್ರೊಪೊಫಾಲ್ ಎಂಬ ನಿದ್ದೆಯ ಇಂಜೆಕ್ಷನ್ ಸ್ವಲ್ಪ ಕೊಟ್ಟರೆ ಇದು ಕಡಿಮೆಯಾಗುತ್ತದೆ.

ನೇರಳೆಯ ಐಸೊಫ್ಲುರೇನ್ ಹೃದಯಕ್ಕೆ ಹ್ಯಾಲೋಥೇನ್‌ಗಿಂತ ಮೃದು, ಬೆಲೆ ಕಡಿಮೆ. ಘಾಟು ಮಾತ್ರ ಹೆಚ್ಚು. ಎಚ್ಚರವಿರುವ ಮಗುವಿನ ಮೂಗಿಗೆ ಹಿಡಿದರೆ ಕೆಮ್ಮುತ್ತದೆ, ಉಸಿರು ಕಟ್ಟುತ್ತದೆ. ನಿದ್ದೆ ಬಂದ ಮೇಲೆ ಕೊಟ್ಟರೆ ತಕರಾರಿಲ್ಲ. ನೀಲಿಯ ಡೆಸ್‌ಫ್ಲುರೇನ್ ಎಲ್ಲಕ್ಕಿಂತ ಬೇಗ ಎಚ್ಚರಗೊಳಿಸುತ್ತದೆ. ಆದರೆ ಮಾಸ್ಕಿನಿಂದ ಮಕ್ಕಳನ್ನು ಮಲಗಿಸಲು ಅದನ್ನು ಬಳಸಿ ನೋಡಿದಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಧ್ವನಿಪೆಟ್ಟಿಗೆ ಬಿಗಿದುಕೊಂಡಿತು. ಮಕ್ಕಳನ್ನು ಮಲಗಿಸಲು ಇದನ್ನು ಬಳಸಬೇಡಿ ಎಂದು ಔಷಧದ ಜೊತೆ ಬರುವ ಚೀಟಿಯಲ್ಲೇ ಬರೆದಿರುತ್ತಾರೆ. ಅದು ಸುಮಾರು 23 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕುದಿಯುವುದರಿಂದ ಕರೆಂಟಿನಿಂದ ಬಿಸಿಮಾಡುವ ಬೇರೆಯೇ ವೇಪರೈಸರ್ ಬೇಕು. ಜೊತೆಗೆ ಭೂಮಿಗೂ ಭಾರ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2500 ಪಟ್ಟು ಶಾಖ ಹಿಡಿದಿಡುತ್ತದೆ. ಸ್ಕಾಟ್ಲೆಂಡ್ 2023ರಲ್ಲಿ ಅದನ್ನು ಸರ್ಕಾರಿ ಆಸ್ಪತ್ರೆಗಳಿಂದ ಹೊರಗಿಟ್ಟಿತು. ಮಕ್ಕಳ ಥಿಯೇಟರಿಗೆ ಅದನ್ನು ಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

ಪ್ರತಿ ತಂದೆತಾಯಿ ಕೇಳುವ ಪ್ರಶ್ನೆ ಒಂದಿದೆ. ಅರಿವಳಿಕೆ ಕೊಟ್ಟರೆ ಮಗು ಮುಂದೆ ದಡ್ಡ ಆಗುತ್ತದೆಯೇ? ಪ್ರಾಣಿಗಳ ಪ್ರಯೋಗದಲ್ಲಿ, ಎಳೆಯ ಮಿದುಳಿಗೆ ದೀರ್ಘಕಾಲ ಈ ಔಷಧಗಳನ್ನು ಕೊಟ್ಟಾಗ ಹಾನಿ ಕಂಡಿತ್ತು. ಆ ಆತಂಕಕ್ಕೆ ಉತ್ತರ ಹುಡುಕಲು ಏಳು ದೇಶಗಳ 28 ಆಸ್ಪತ್ರೆಗಳಲ್ಲಿ ಹರ್ನಿಯಾ ಆಪರೇಷನ್‌ಗೆ ಬಂದ 722 ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೆವೊಫ್ಲುರೇನ್, ಇನ್ನೊಂದಕ್ಕೆ ಎಚ್ಚರವಾಗಿಟ್ಟೇ ಬೆನ್ನಿಗೆ ಇಂಜೆಕ್ಷನ್. ಐದು ವರ್ಷವಾದ ಮೇಲೆ ಬುದ್ಧಿಶಕ್ತಿ ಅಳೆದು ನೋಡಿದರೆ ವ್ಯತ್ಯಾಸವಿರಲಿಲ್ಲ. ಆ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಮತ್ತಿನಲ್ಲಿದ್ದದ್ದು ಹೆಚ್ಚುಕಡಿಮೆ ಒಂದು ತಾಸು. ಮೂರು ವರ್ಷದೊಳಗಿನ ಮಗುವಿಗೆ ಮೂರು ತಾಸಿಗೂ ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ. ಹಾಗೆಂದು ಬೇಕಾದ ಆಪರೇಷನ್ ಮುಂದೂಡಬಾರದು. ತುರ್ತಿಲ್ಲದ್ದನ್ನು ಯಾವಾಗ ಮಾಡಿಸಬೇಕೆಂದು ವೈದ್ಯರೊಡನೆ ಮಾತಾಡಿ.

ಈಗ ಖರ್ಚಿಗೆ ಬರೋಣ. ಬಾಟಲಿಯ ಬೆಲೆ ಕಂಪನಿಯಿಂದ ಕಂಪನಿಗೆ, ಟೆಂಡರಿನಿಂದ ಟೆಂಡರಿಗೆ ಬದಲಾಗುತ್ತದೆ. ಆದ್ದರಿಂದ ರೂಪಾಯಿ ಬಿಟ್ಟು ಮಿಲಿಲೀಟರಿನಲ್ಲಿ ಲೆಕ್ಕ ಹಾಕೋಣ. ನಿಮ್ಮ ಊರಿನ ಬೆಲೆಯಿಂದ ನೀವೇ ಗುಣಿಸಿಕೊಳ್ಳಬಹುದು. ಒಂದು ಮಿಲಿಲೀಟರ್ ದ್ರವ ಆವಿಯಾದರೆ ಹ್ಯಾಲೋಥೇನ್ ಸುಮಾರು 227 ಮಿಲಿಲೀಟರ್ ಆವಿ ಕೊಡುತ್ತದೆ, ಐಸೊಫ್ಲುರೇನ್ 195, ಸೆವೊಫ್ಲುರೇನ್ 183, ಡೆಸ್‌ಫ್ಲುರೇನ್ 207ರಷ್ಟು. ನಿಮಿಷಕ್ಕೆ 2 ಲೀಟರ್ ಅನಿಲ ಹರಿಸಿ ಒಂದು ತಾಸು ಮಗುವನ್ನು ಮಲಗಿಸಿದೆವು ಎನ್ನಿ. ಶೇಕಡ 0.8ರ ಹ್ಯಾಲೋಥೇನ್ ಆದರೆ ಖರ್ಚಾಗುವ ದ್ರವ ಸುಮಾರು 4 ಮಿಲಿಲೀಟರ್. ಶೇಕಡ 1.5ರ ಐಸೊಫ್ಲುರೇನ್ 9. ಶೇಕಡ 2.5ರ ಸೆವೊಫ್ಲುರೇನ್ 16. ಶೇಕಡ 8ರ ಡೆಸ್‌ಫ್ಲುರೇನ್ 46. ಸೆವೊಫ್ಲುರೇನ್ ಬಾಟಲಿ ಮೊದಲೇ ದುಬಾರಿ, ಮೇಲೆ ನಾಲ್ಕು ಪಟ್ಟು ದ್ರವವೂ ಬೇಕು. ಉಗ್ರಾಣದವರು ಮುಖ ಸಿಂಡರಿಸುವುದರಲ್ಲಿ ತಪ್ಪೇನಿಲ್ಲ.

ಆದರೆ ಈ ಲೆಕ್ಕದಲ್ಲಿ ಶೇಕಡಾವಾರಿನಷ್ಟೇ ಮುಖ್ಯವಾದ ಇನ್ನೊಂದು ಅಂಕಿ ಇದೆ, ನಿಮಿಷಕ್ಕೆ ಹರಿಯುವ ಲೀಟರು. ಮಕ್ಕಳ ಅರಿವಳಿಕೆಯಲ್ಲಿ ಹಳೆಯ ನಂಬಿಕೆಯ ಸಾಧನ ಟಿ-ಪೀಸ್. 1937ರಲ್ಲಿ ನ್ಯೂಕ್ಯಾಸಲ್ಲಿನ ಫಿಲಿಪ್ ಏರ್ ಮಾಡಿದ ಕೊಳವೆಗೆ 1950ರಲ್ಲಿ ಲಿವರ್‌ಪೂಲಿನ ಜಾಕ್ಸನ್ ರೀಸ್ ಬಾಯಿ ತೆರೆದ ಚೀಲ ಸೇರಿಸಿದರು. ಕವಾಟವಿಲ್ಲ, ಕೆಡುವಂಥದ್ದೇನಿಲ್ಲ, ಮಗುವಿನ ಒಂದೊಂದು ಉಸಿರೂ ಕೈಗೆ ತಿಳಿಯುತ್ತದೆ. ಆದರೆ ಬಿಟ್ಟ ಉಸಿರನ್ನು ಮಗು ಮತ್ತೆ ಎಳೆದುಕೊಳ್ಳದಿರಲು ಹತ್ತು ಕಿಲೋ ಮಗುವಿಗೂ ನಿಮಿಷಕ್ಕೆ 5ರಿಂದ 6 ಲೀಟರ್ ಹರಿಸಬೇಕು. 6 ಲೀಟರಿನಲ್ಲಿ ಒಂದು ತಾಸಿಗೆ ಸೆವೊಫ್ಲುರೇನ್ 49 ಮಿಲಿಲೀಟರ್ ಹೋಗುತ್ತದೆ, ಹ್ಯಾಲೋಥೇನ್ 13. ಅದರ ಬಹುಪಾಲು ಮಗುವಿನೊಳಗೆ ಹೋಗುವುದೇ ಇಲ್ಲ, ಥಿಯೇಟರಿನ ಗಾಳಿಗೆ ಸೇರಿ ಅಲ್ಲಿನ ಸಿಬ್ಬಂದಿಯ ಮೂಗಿಗೆ ಹೋಗುತ್ತದೆ.

ಇದಕ್ಕೆ ಪರಿಹಾರ ವರ್ತುಲದ ಸರ್ಕ್ಯೂಟ್. ಬಿಟ್ಟ ಉಸಿರು ಸೋಡಾ ಲೈಮ್ ಹರಳುಗಳ ಡಬ್ಬಿಯ ಮೂಲಕ ಹಾಯುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಹೋಗಿ, ಉಳಿದ ಆಮ್ಲಜನಕ ಮತ್ತು ಔಷಧದ ಆವಿ ಮತ್ತೆ ಮಗುವಿಗೇ ಬರುತ್ತದೆ. ಮಕ್ಕಳಿಗೆಂದೇ ಸಣ್ಣ ಕೊಳವೆಗಳು ಸಿಗುತ್ತವೆ. ಮಗು ಮಲಗಿದ ಮೇಲೆ ಹರಿವನ್ನು ನಿಮಿಷಕ್ಕೆ 1 ಲೀಟರಿಗೆ ಇಳಿಸಿದರೆ ಒಂದು ತಾಸಿಗೆ ಸೆವೊಫ್ಲುರೇನ್ ಖರ್ಚು ಸುಮಾರು 8 ಮಿಲಿಲೀಟರ್. ಗಮನಿಸಿ: ಟಿ-ಪೀಸಿನಲ್ಲಿ ಅಗ್ಗದ ಹ್ಯಾಲೋಥೇನ್ 13 ಮಿಲಿಲೀಟರ್ ಹೋದ ಕಡೆ ದುಬಾರಿ ಸೆವೊಫ್ಲುರೇನ್ 8ರಲ್ಲಿ ಮುಗಿಯಿತು. ಇದು ಸ್ಥೂಲ ಲೆಕ್ಕ. ಮಲಗಿಸುವ ಮೊದಲ ನಿಮಿಷಗಳಲ್ಲಿ ಹೆಚ್ಚು ಬೇಕು. ಶೇಕಡ 8ರಂತೆ 6 ಲೀಟರಿನಲ್ಲಿ ಮೂರು ನಿಮಿಷ ಕೊಟ್ಟರೆ ಅದೊಂದಕ್ಕೇ ಹತ್ತಿರಹತ್ತಿರ 8 ಮಿಲಿಲೀಟರ್. ಆದರೂ ಒಟ್ಟು ದಿಕ್ಕು ಸ್ಪಷ್ಟ. ಫ್ಲೋಮೀಟರ್ ತಿರುಪಿನಿಂದ ಬರುವ ಉಳಿತಾಯ ದೊಡ್ಡದು, ಕೂಸಿನ ಹೃದಯ ಅದಕ್ಕೆ ಬೆಲೆ ತೆರಬೇಕಿಲ್ಲ.

ನಮ್ಮ ಬಹಳ ಆಸ್ಪತ್ರೆಗಳು ರೂಢಿಯಲ್ಲಿ ಕಂಡುಕೊಂಡ ಇನ್ನೊಂದು ಜಾಣದಾರಿ ಇದೆ. ಮಗುವನ್ನು ಮಲಗಿಸುವುದು ಸೆವೊಫ್ಲುರೇನ್‌ನಿಂದ; ನಿದ್ದೆ ಬಂದ ಕೂಡಲೇ ಹಳದಿ ತಿರುಪು ಮುಚ್ಚಿ ನೇರಳೆ ತೆರೆಯುವುದು. ಐಸೊಫ್ಲುರೇನ್‌ನ ಘಾಟು ನಿದ್ದೆಯಲ್ಲಿರುವ ಮಗುವಿಗೆ ತಾಗುವುದಿಲ್ಲ, ಉಳಿದ ಹೊತ್ತು ಅಗ್ಗದಲ್ಲಿ ನಡೆಯುತ್ತದೆ. ಸೀಳುತುಟಿಯಂಥ ದೀರ್ಘ ಆಪರೇಷನ್‌ಗಳಿಗೆ ಇದು ಒಪ್ಪುವ ದಾರಿ. ಹತ್ತು ನಿಮಿಷದ ಕೆಲಸಕ್ಕೆ ಬದಲಾಯಿಸುವ ತೊಂದರೆ ಬೇಡ. ಯಾವ ಆವಿ ಬಳಸಿದರೂ ವರ್ತುಲದ ಸೋಡಾ ಲೈಮ್ ಒಣಗಲು ಬಿಡಬಾರದು, ಬಣ್ಣ ಬದಲಾದ ಹರಳುಗಳನ್ನು ನಾಳೆಗೆಂದು ಉಳಿಸಬಾರದು. ಒಣಗಿದ ಹರಳಿನ ಮೇಲೆ ಈ ಆವಿಗಳು ವಿಷಾನಿಲಗಳನ್ನು ಹುಟ್ಟಿಸಬಲ್ಲವು.

ಒಂದು ಮಾತು ಮರೆಯಬಾರದು. ವರ್ತುಲದಲ್ಲಿ ಹರಿವು ಇಳಿಸಿದಾಗ ಒಳಗೆ ಏನಿದೆ ಎಂಬುದು ತಿರುಪಿನ ಅಂಕಿಯಿಂದ ಗೊತ್ತಾಗುವುದಿಲ್ಲ. ಆಮ್ಲಜನಕ ಎಷ್ಟು, ಔಷಧ ಎಷ್ಟು, ಮಗು ಬಿಡುವ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ತೋರಿಸುವ ಮಾನಿಟರ್ ಇದ್ದರೆ ಮಾತ್ರ ಈ ಉಳಿತಾಯಕ್ಕೆ ಕೈ ಹಾಕಬೇಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇಲ್ಲದ ಕಡೆ ಯಾವ ಬಣ್ಣದ ವೇಪರೈಸರೂ ಸುರಕ್ಷಿತವಲ್ಲ. ನಾಲ್ಕು ಬಾಟಲಿ ಸೆವೊಫ್ಲುರೇನ್ ಕೊಳ್ಳುವ ಮೊದಲು ಒಂದು ಒಳ್ಳೆಯ ಮಾನಿಟರ್ ಕೊಳ್ಳಿ ಎಂದೇ ನಾನು ಯಾವ ಆಸ್ಪತ್ರೆಗಾದರೂ ಹೇಳುತ್ತೇನೆ. ಬಾಟಲಿ ತಿಂಗಳಲ್ಲಿ ಮುಗಿಯುತ್ತದೆ, ಮಾನಿಟರ್ ಸಾವಿರಾರು ಮಕ್ಕಳನ್ನು ಕಾಯುತ್ತದೆ.

ಮನೆಯವರು ಮಾಡಬೇಕಾದ್ದೂ ಇದೆ, ಅದಕ್ಕೆ ಕಾಸಿನ ಖರ್ಚಿಲ್ಲ. ಆಪರೇಷನ್‌ಗೆ ಆರು ತಾಸು ಮೊದಲು ಊಟ, ಹಸುವಿನ ಹಾಲು ನಿಲ್ಲಬೇಕು. ತಾಯಿಯ ಹಾಲು ನಾಲ್ಕು ತಾಸು ಮೊದಲು. ಬರಿ ನೀರು ಎರಡು ತಾಸು ಮೊದಲಿನವರೆಗೂ ಕೊಡಬಹುದು. ಪಾಪ, ಹಸಿದಿದೆ ಎಂದು ಅಜ್ಜಿ ಸೆರಗಿನ ಮರೆಯಲ್ಲಿ ಕೊಟ್ಟ ಎರಡು ಬಿಸ್ಕತ್ತು ಮತ್ತಿನಲ್ಲಿ ಗಂಟಲಿಗೆ ಬಂದು ಶ್ವಾಸಕೋಶ ಸೇರಿದರೆ ಯಾವ ದುಬಾರಿ ಔಷಧವೂ ಕಾಪಾಡದು. ಕೊಟ್ಟಿದ್ದರೆ ಹೇಳಿಬಿಡಿ, ಆಪರೇಷನ್ ಸ್ವಲ್ಪ ಹೊತ್ತು ಮುಂದೆ ಹೋಗುತ್ತದೆ, ಅಷ್ಟೇ. ಎರಡು ವಾರದೊಳಗೆ ನೆಗಡಿ, ಕೆಮ್ಮು, ಜ್ವರ ಬಂದಿದ್ದರೆ ಮುಚ್ಚಿಡಬೇಡಿ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಮಗುವಿಗೆ ಉಸಿರಿನ ತೊಂದರೆ ಬರುವ ಸಂಭವ ಹೆಚ್ಚು. ಕುಟುಂಬದಲ್ಲಿ ಯಾರಾದರೂ ಆಪರೇಷನ್ ಟೇಬಲ್ಲಿನ ಮೇಲೆ ಜ್ವರವೇರಿ ತೀರಿಕೊಂಡಿದ್ದರೆ ಖಂಡಿತ ತಿಳಿಸಿ. ಈ ನಾಲ್ಕೂ ಆವಿಗಳು ಕೆಲವು ವಂಶಗಳ ಸ್ನಾಯುಗಳಲ್ಲಿ ಮಾರಕ ತಾಪ ಎಬ್ಬಿಸುತ್ತವೆ. ಮೆಲ್ಬರ್ನಿನಲ್ಲಿ 1960ರಲ್ಲಿ ಇದು ಪತ್ತೆಯಾದದ್ದೇ ಹಾಗೆ. ಕಾಲು ಮುರಿದ ಯುವಕನೊಬ್ಬ ತನ್ನ ಬಂಧುಗಳಲ್ಲಿ ಹತ್ತು ಮಂದಿ ಈಥರ್ ತೆಗೆದುಕೊಂಡು ಸತ್ತಿದ್ದಾರೆಂದು ಬಾಯಿಬಿಟ್ಟು ಹೇಳಿದ್ದರಿಂದ. ಗೊತ್ತಿದ್ದರೆ ಆವಿಯನ್ನೇ ಬಿಟ್ಟು ಇಂಜೆಕ್ಷನ್ನಿನಿಂದ ಅರಿವಳಿಕೆ ಕೊಡಬಹುದು.

ಹಾಗಾದರೆ ಯಾವ ಆವಿ? ಕೂಸುಗಳನ್ನು, ಪುಟ್ಟ ಮಕ್ಕಳನ್ನು ಮಲಗಿಸಲು ಸೆವೊಫ್ಲುರೇನ್ ಮೊದಲ ಆಯ್ಕೆಯಾಗಲಿ. ದೀರ್ಘ ಆಪರೇಷನ್ ನಡೆಸಲು ಐಸೊಫ್ಲುರೇನ್ ಸಾಕು. ಹ್ಯಾಲೋಥೇನ್ ಒಂದೇ ಇರುವ ಕಡೆ ಅದನ್ನೂ ಸುರಕ್ಷಿತವಾಗಿ ಕೊಡಬಹುದು, ಹೃದಯದ ಬಡಿತ ಏರಿಸುವ ಅಟ್ರೋಪಿನ್ ಸಿದ್ಧವಿದ್ದು, ತಿರುಪನ್ನು ಮೆಲ್ಲಗೆ ಏರಿಸಿ, ಬೇಗ ಇಳಿಸುವ ಕೈ ಇದ್ದರೆ. ಸರ್ಕಾರದ ವಿಮೆ ಯೋಜನೆಯಲ್ಲಿ ಒಂದು ಆಪರೇಷನ್‌ಗೆ ಇಷ್ಟೇ ಎಂದು ಹಣ ಗೊತ್ತುಮಾಡಿರುವಾಗ, ಅರಿವಳಿಕೆಯ ಖರ್ಚು ಉಳಿಸಲು ಆಸ್ಪತ್ರೆಗಳಿಗೆ ಆಸೆಯಾಗುವುದು ಸಹಜ. ಉಳಿಸಿ, ಆದರೆ ಹರಿವಿನಲ್ಲಿ ಉಳಿಸಿ. ಔಷಧ ಖರೀದಿ ಸಮಿತಿಗಳು ಬಾಟಲಿಯ ದರಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಲಂ ಎಳೆದು, ಒಂದು ಮಗುವಿಗೆ ಒಂದು ತಾಸಿಗೆ ಎಷ್ಟು ಮಿಲಿಲೀಟರ್ ಹೋಯಿತೆಂದು ಬರೆಯಲು ಶುರುಮಾಡಲಿ. ಆರು ತಿಂಗಳು ಬರೆದು ನೋಡಿದರೆ, ಸೆವೊಫ್ಲುರೇನ್ ನಮ್ಮ ಕೈಗೆಟುಕದು ಎಂಬ ಮಾತು ಬಹಳಷ್ಟು ತಾಲೂಕು ಆಸ್ಪತ್ರೆಗಳಲ್ಲಿ ನಿಲ್ಲುವುದಿಲ್ಲ.